ನಿಧಾನ ಬೇರೆ, ಉಗುರುಬೆಚ್ಚಗೆ ಬೇರೆ: ಸ್ಲೋ ಕುಕ್ಕರಿನಲ್ಲಿ ಕೋಳಿ-ಶಾವಿಗೆ ಸೂಪು



ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಜೀವಶಾಸ್ತ್ರದ ಮೇಡಂ ಹೇಳಿದಾಗ, ಪರಿಸರದ ಮೇಲೋ ಮೊಬೈಲ್ ಚಟದ ಮೇಲೋ ಬರೆದರಾಯಿತು ಅಂದುಕೊಂಡಿದ್ದೆ. ಮೇಡಂ ನಕ್ಕು, "ಸೂಪು ಮಾಡಿ ತಮ್ಮನನ್ನು ಹಾಸಿಗೆ ಹಿಡಿಸಿದೆಯಲ್ಲ, ಅದನ್ನೇ ಬರಿ. ನಾಲ್ಕು ಜನಕ್ಕೆ ಉಪಯೋಗವಾಗುತ್ತದೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಗಬಹುದು. ಆದರೆ ಕೊನೆಯವರೆಗೆ ಓದಿ.

ನಡೆದದ್ದು ಇಷ್ಟು

ನಮ್ಮ ಮಾಮು ದುಬೈಯಿಂದ ಬರುವಾಗ ಅಮ್ಮಿಗೆಂದು ಒಂದು ಸ್ಲೋ ಕುಕ್ಕರ್ ತಂದಿದ್ದರು. ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಹೊರಗೆ ಕರೆಂಟಿನಿಂದ ಕಾಯುವ ಕವಚ, ಮೇಲೆ ಗಾಜಿನ ಮುಚ್ಚಳ. ಅದರ ಪ್ಲಗ್ಗಿನ ಮೂರು ಚಪ್ಪಟೆ ಕಡ್ಡಿಗಳು ನಮ್ಮ ತಾವರಗೇರಾದ ಯಾವ ಸಾಕೆಟ್ಟಿಗೂ ಹೋಗಲಿಲ್ಲ. ಅಡಾಪ್ಟರ್ ತಂದಮೇಲೂ ಅಮ್ಮಿ ಅದನ್ನು ಮುಟ್ಟಲಿಲ್ಲ. "ಅರ್ಧ ಗಂಟೆಯ ಅಡಿಗೆಗೆ ಎಂಟು ಗಂಟೆ ಯಾಕೆ?" ಎಂದು ಕಪಾಟಿನ ಮೇಲಿಟ್ಟರು.

ಕಳೆದ ಮಳೆಗಾಲದಲ್ಲಿ ಅಮ್ಮಿಗೆ ಜ್ವರ ಬಂತು. ಸಲೈನ್ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಬಾಯಿ ಕಹಿ, ರೊಟ್ಟಿ ಇಳಿಯುತ್ತಿರಲಿಲ್ಲ. ಅಬ್ಬಾ ಲಾರಿ ಮೇಲೆ ಊರಾಚೆ ಹೋಗಿದ್ದರು. ದಾದಿಗೆ ಒಲೆಯ ಮುಂದೆ ಹೆಚ್ಚು ಹೊತ್ತು ಕೂರಲು ಆಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಬಿಸಿ ಬಿಸಿ ಕೋಳಿ ಸೂಪು ತಯಾರಿಟ್ಟು ಅಮ್ಮಿಯನ್ನು ಎಬ್ಬಿಸಬೇಕೆಂದು ನನಗೆ ಆಸೆಯಾಯಿತು.

ರಾತ್ರಿ ಹತ್ತಕ್ಕೆ ಫ್ರೀಜರಿನಿಂದ ಕೋಳಿ ತೆಗೆದು, ಕಲ್ಲಿನಂತೆ ಗಟ್ಟಿಯಾಗಿದ್ದುದನ್ನು ಹಾಗೆಯೇ ಪಾತ್ರೆಗೆ ಹಾಕಿದೆ. ಕೊಡದ ತಣ್ಣೀರು ಕಂಠಮಟ ತುಂಬಿಸಿದೆ. ಉಳ್ಳಾಗಡ್ಡಿ, ಗಜ್ಜರಿ, ಉಪ್ಪು, ಮೆಣಸು ಹಾಕಿ, ಮರೆತುಹೋದೀತೆಂದು ಶಾವಿಗೆಯನ್ನೂ ಆಗಲೇ ಸುರಿದೆ. ಗುಂಡಿಯನ್ನು 'ಲೋ'ಗೆ ತಿರುಗಿಸಿ ಮಲಗಿದೆ.

ಮಧ್ಯರಾತ್ರಿ ಮಳೆ ಶುರುವಾಗಿ ಕರೆಂಟ್ ಹೋಯಿತು. ಬಂದದ್ದು ಬೆಳಗಿನ ಐದೂವರೆಗೆ. ಫ್ಯಾನ್ ನಿಂತದ್ದಕ್ಕೆ ಎಚ್ಚರವಾಗಿದ್ದ ದಾದಿಗೆ ಮಾತ್ರ ಇದು ಗೊತ್ತಿತ್ತು. ಏಳಕ್ಕೆ ನಾನು ಮುಚ್ಚಳ ತೆಗೆದಾಗ ಸೂಪು ಬೆಚ್ಚಗಿತ್ತು, ವಾಸನೆಯೂ ಚೆನ್ನಾಗಿಯೇ ಇತ್ತು. ಶಾವಿಗೆ ಮಾತ್ರ ಗಂಜಿಯಾಗಿತ್ತು. ಯಾವುದಕ್ಕೂ ಇರಲಿ ಎಂದು ಬೇರೆ ಪಾತ್ರೆಗೆ ಬಗ್ಗಿಸಿ, ಗ್ಯಾಸಿನ ಮೇಲೆ ಒಂದು ಕುದಿ ಬರಿಸಿದೆ. ಅಮ್ಮಿ ಎರಡು ಚಮಚ ಕುಡಿದು ಸಾಕೆಂದರು. ಮೂರನೇ ತರಗತಿಯ ನನ್ನ ತಮ್ಮ ಎರಡು ಬಟ್ಟಲು ಕುಡಿದು ಶಾಲೆಗೆ ಹೋದ.

ಮಧ್ಯಾಹ್ನ ಅವನನ್ನು ಶಾಲೆಯಿಂದ ಕರೆದುಕೊಂಡು ಬರಬೇಕಾಯಿತು. ವಾಂತಿ, ಆಮೇಲೆ ಭೇದಿ. ಆಸ್ಪತ್ರೆಯಲ್ಲಿ ಓಆರ್‌ಎಸ್ ಕೊಟ್ಟು, ಗುಟುಕು ಗುಟುಕಾಗಿ ಕುಡಿಸುತ್ತಿರಿ ಎಂದರು. ಎರಡು ದಿನಕ್ಕೆ ಎದ್ದು ಓಡಾಡಿದ. ಆದರೆ ಆ ರಾತ್ರಿ, ಮೈಯಲ್ಲಿ ಜ್ವರವಿದ್ದ ಅಮ್ಮಿಯೇ ಎದ್ದು ಕೂತು ಅವನ ಹಣೆ ಹಿಡಿದುಕೊಂಡಿದ್ದರು. ಯಾರಿಗಾಗಿ ಸೂಪು ಮಾಡಿದ್ದೆನೋ ಅವರೇ ನನ್ನ ತಪ್ಪಿಗೆ ನಿದ್ದೆಗೆಟ್ಟರು. ಅದನ್ನು ನಾನು ಮರೆತಿಲ್ಲ.

ನಮ್ಮ ದಾದಿ ಮನೆಯಲ್ಲಿ ದಖ್ಖನಿ ಮಾತಾಡುತ್ತಾರೆ, ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. "ಒಲಿ ಆರಿದ ಮ್ಯಾಲೆ ಅಡಿಗಿ ಮಲಗತೈತಿ. ಮಲಗಿದ ಅಡಿಗಿ ಕೆಡತೈತಿ. ಇಷ್ಟೂ ತಿಳಿಯಂಗಿಲ್ಲೇನು, ಸೈನ್ಸ್ ಓದ್ತಿ?" ಎಂದರು. ಕುದಿಸಿದೆನಲ್ಲ, ಆದರೂ ಯಾಕೆ ಹೀಗಾಯಿತು ಎಂಬ ಪ್ರಶ್ನೆ ಹಿಡಿದು ನಾನು ಮೇಡಂ ಹತ್ತಿರ ಹೋದೆ. ಅಲ್ಲಿಂದ ಕಲಿತದ್ದು ಕೆಳಗಿದೆ.

ನಿಧಾನ ಅಡಿಗೆ ಹೊಸದಲ್ಲ

ಸ್ಲೋ ಕುಕ್ಕರ್ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಇರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಎಂಜಿನಿಯರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದಲ್ಲಿ ಬೆಳೆದ ಅವರ ತಾಯಿ, ತಮ್ಮೂರಿನ ಜನ ಶುಕ್ರವಾರ ಸಂಜೆ ಮಾಂಸ-ಕಾಳಿನ ಗಡಿಗೆಯನ್ನು ಬೇಕರಿಯ ಒಲೆಯಲ್ಲಿ ಇಟ್ಟು, ರಾತ್ರಿಯಿಡೀ ಬೆಂದದ್ದನ್ನು ಮರುದಿನ ತರುತ್ತಿದ್ದ ಕಥೆ ಹೇಳುತ್ತಿದ್ದರಂತೆ. ಆ ಅಡಿಗೆಗೆ ಚೋಲೆಂಟ್ ಎಂದು ಹೆಸರು. 1971ರಲ್ಲಿ ರೈವಲ್ ಕಂಪನಿ ಅದೇ ಉಪಕರಣವನ್ನು ತಿದ್ದಿ 'ಕ್ರಾಕ್-ಪಾಟ್' ಎಂಬ ಹೆಸರಿನಲ್ಲಿ ಮಾರಿದ ಮೇಲೆ ಮನೆಮನೆಗೆ ಬಂತು.

ನಮ್ಮ ಕಡೆಗೂ ಈ ವಿದ್ಯೆ ಬೇರೆ ದಾರಿಯಿಂದ ಬಂದಿದೆ. ಗೋಧಿ ಮತ್ತು ಮಾಂಸವನ್ನು ಹದವಾದ ಉರಿಯಲ್ಲಿ ಬಹಳ ಹೊತ್ತು ಬೇಯಿಸುವ ಹರೀಸಾ, 10ನೇ ಶತಮಾನದ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಬರೆದ 'ಕಿತಾಬ್ ಅಲ್-ತಬೀಖ್' ಎಂಬ ಅಡಿಗೆ ಪುಸ್ತಕದಲ್ಲೇ ಇದೆ. ಅದರ ಸಂಬಂಧಿಯೇ ಹಲೀಮ್. ಹೈದರಾಬಾದಿನ ಹಲೀಮಿಗೆ 2010ರಲ್ಲಿ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ರಾತ್ರಿ ಒಲೆಗಿಟ್ಟು ಬೆಳಿಗ್ಗೆ ಉಣ್ಣುವ ನಿಹಾರಿಯ ಹೆಸರು ಬಂದದ್ದು ಅರಬ್ಬಿಯ 'ನಹಾರ್' ಎಂಬ ಪದದಿಂದ. ಹಗಲು ಎಂದು ಅರ್ಥ. ನಮ್ಮ ಕೊಪ್ಪಳ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಾಗಾಗಿ ಈ ಅಡಿಗೆಗಳು ನಮ್ಮ ಮನೆಗಳಿಗೆ ಹೊಸವಲ್ಲ.

ದಾದಿ ಮೊದಲೆಲ್ಲ ರಂಜಾನಿನಲ್ಲಿ ತರಾವೀಹ್ ಮುಗಿದ ಮೇಲೆ ಪಾಯಾ ಒಲೆಗಿಟ್ಟರೆ ಸಹರಿಗೆ ಅದು ಸಿದ್ಧವಾಗುತ್ತಿತ್ತು. ನನಗೆ ಗೊತ್ತಿಲ್ಲದಿದ್ದ ಒಂದು ಸಂಗತಿಯನ್ನು ಅವರೇ ಹೇಳಿದರು: ರಾತ್ರಿ ಎರಡು ಸಲ ಎದ್ದು ಕೆಂಡ ಕೆದಕಿ, ಜಾಲಿ ಕೊರಡು ಮುಂದೆ ಸರಿಸಿ, ಕುದಿ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿಯೇ ಮಲಗುತ್ತಿದ್ದರಂತೆ. ನಾನು ಗುಂಡಿ ತಿರುಗಿಸಿ ಮಲಗಿದ್ದೆ. ವ್ಯತ್ಯಾಸ ಇಷ್ಟೇ.

ಪಾತ್ರೆಯೊಳಗೆ ಏನಾಗುತ್ತದೆ?

ಮೂಳೆ, ಕೀಲು ಮತ್ತು ಸ್ನಾಯುಗಳನ್ನು ಹಿಡಿದಿಡುವ ಗಟ್ಟಿ ಪ್ರೋಟೀನಿಗೆ ಕೊಲಾಜೆನ್ ಎನ್ನುತ್ತಾರೆ. ಮೂರು ಎಳೆ ಹೊಸೆದ ಹಗ್ಗದಂತೆ ಅದರ ರಚನೆ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹೊಸೆತ ಬಿಚ್ಚತೊಡಗುತ್ತದೆ. ನೀರಿನಲ್ಲಿ ಗಂಟೆಗಟ್ಟಲೆ ಬೆಂದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ಸೂಪು ತುಟಿಗೆ ಅಂಟುವುದು, ಫ್ರಿಜ್ಜಿನಲ್ಲಿಟ್ಟರೆ ಗಡ್ಡೆ ಕಟ್ಟುವುದು ಈ ಜೆಲಾಟಿನ್‌ನಿಂದಲೇ. ವಯಸ್ಸಾದ ಪ್ರಾಣಿಯಲ್ಲಿ ಕೊಲಾಜೆನ್ ಎಳೆಗಳ ನಡುವಿನ ಬೆಸುಗೆ ಹೆಚ್ಚು. ಆದ್ದರಿಂದ ಓಣಿಯಲ್ಲಿ ಓಡಾಡಿ ಬೆಳೆದ ಜವಾರಿ ಕೋಳಿಗೆ ಏಳೆಂಟು ಗಂಟೆ ಬೇಕು. ಆರು ವಾರಕ್ಕೆಲ್ಲ ಅಂಗಡಿಗೆ ಬರುವ ಫಾರಂ ಕೋಳಿಗೆ ಐದಾರು ಗಂಟೆ ಧಾರಾಳವಾಯಿತು. ಅದಕ್ಕಿಂತ ಹೆಚ್ಚು ಬೇಯಿಸಿದರೆ ಎದೆಯ ಮಾಂಸ ನಾರುನಾರಾಗಿ ಒಣಗುತ್ತದೆ.

ಇನ್ನು ಶಾವಿಗೆ. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಬಿಸಿನೀರು ಕುಡಿದು ಉಬ್ಬುತ್ತವೆ. ಹತ್ತು ನಿಮಿಷಕ್ಕೆ ಹದ. ಮೇಲೆ ಮೇಲೆ ಬೆಂದರೆ ಕಣಗಳು ಒಡೆದು ಪಿಷ್ಟವೆಲ್ಲ ನೀರಿಗಿಳಿಯುತ್ತದೆ. ಬೇಸಿಗೆಯಲ್ಲಿ ಅಮ್ಮಿ ಮತ್ತು ಪಕ್ಕದ ಮನೆಯವರು ಸೇರಿ ಹೊಸೆದು, ಕೋಲಿನ ಮೇಲೆ ಒಣಗಿಸಿದ ಶಾವಿಗೆಯನ್ನು ನಾನು ರಾತ್ರಿಯೇ ಹಾಕಿ ಗಂಜಿ ಮಾಡಿದ್ದು ಹೀಗೆ. ಕೊನೆಗೆ ಹಾಕಬೇಕಾದದ್ದನ್ನು ಮೊದಲಿಗೇ ಹಾಕಿದ್ದೆ.

ಎಲ್ಲಿ ತಪ್ಪಿದೆ?

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ಆಹಾರದ ಅಪಾಯದ ವಲಯ ಎನ್ನುತ್ತಾರೆ. ಕೆಡಿಸುವ ಬ್ಯಾಕ್ಟೀರಿಯಾಗಳು ಬೆಳೆಯುವುದು ಈ ನಡುವೆಯೇ. ಅನುಕೂಲವಾದ ಬಿಸಿಯಲ್ಲಿ ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಎಂದು ಲೆಕ್ಕ ಹಾಕಿ: ನಾಲ್ಕು ಗಂಟೆಯಲ್ಲಿ 12 ಸಲ ಇಮ್ಮಡಿ, ಅಂದರೆ ಒಂದಿದ್ದದ್ದು 4,096. ನನ್ನ ಪಾತ್ರೆಯಲ್ಲಿ ಕರೆಂಟ್ ಇಲ್ಲದೆ ಐದೂವರೆ ಗಂಟೆ ಕಳೆದಿತ್ತು. ಅದಕ್ಕೂ ಮೊದಲು ಹೆಪ್ಪುಗಟ್ಟಿದ ಕೋಳಿ ಮತ್ತು ತಣ್ಣೀರು ಪಾತ್ರೆಯನ್ನು ಎರಡು ಗಂಟೆ ಉಗುರುಬೆಚ್ಚಗೇ ಉಳಿಸಿದ್ದವು.

ಹಾಗಾದರೆ ಕುದಿಸಿದ್ದು? ನನ್ನ ಪ್ರಶ್ನೆ ಅದೇ ಆಗಿತ್ತು. ಮೇಡಂ ಹೇಳಿದ ಉತ್ತರವನ್ನು ದಯವಿಟ್ಟು ನೆನಪಿಡಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಸ್ಟಫಿಲೊಕಾಕಸ್ ಆರಿಯಸ್‌ನಂಥವು ಬದುಕಿದ್ದಾಗಲೇ ಆಹಾರದಲ್ಲಿ ಬಿಟ್ಟುಹೋದ ವಿಷ ಕುದಿಗೆ ಹಾಳಾಗುವುದಿಲ್ಲ. ಕಳ್ಳ ಸತ್ತರೂ ಅವನು ಬೆರೆಸಿಟ್ಟ ವಿಷ ಹಾಗೆಯೇ ಇರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥ ಕೆಲವು ಬೀಜಕಗಳಾಗಿ ಕುದಿಯನ್ನೂ ತಡೆದುಕೊಂಡು, ಸಾರು ಬೆಚ್ಚಗಾದಾಗ ಮತ್ತೆ ಮೊಳೆಯುತ್ತವೆ. ಇಂಥ ಆಹಾರಕ್ಕೆ ಕೆಟ್ಟ ವಾಸನೆ ಬರಲೇಬೇಕೆಂದಿಲ್ಲ. "ಇನ್ನೊಂದು ಕುದಿ ಬರಿಸಿದರೆ ಆಯಿತು" ಎಂಬ ಮಾತು ನಮ್ಮ ಎಲ್ಲ ಮನೆಗಳಲ್ಲೂ ಇದೆ. ಅದನ್ನು ನಂಬಬೇಡಿ.

ಇನ್ನೊಂದು ಕಾರಣವನ್ನು ಭೌತಶಾಸ್ತ್ರದ ಸರ್ ತೋರಿಸಿಕೊಟ್ಟರು. ಕರೆಂಟ್ ಇದ್ದರೂ ವೋಲ್ಟೇಜ್ ಕಡಿಮೆಯಿದ್ದರೆ? ಸ್ಲೋ ಕುಕ್ಕರಿನಲ್ಲಿರುವುದು ಒಂದು ಸಾದಾ ಕಾಯಿಲ್. ಅದರ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ; ಪಿ = ವಿ²/ಆರ್ ಎಂಬುದು ನಮಗೆಲ್ಲ ಬಾಯಿಪಾಠ. 230 ವೋಲ್ಟಿಗೆ 200 ವಾಟ್ ಕೊಡುವ ಕುಕ್ಕರ್ 180 ವೋಲ್ಟಿಗೆ ಎಷ್ಟು ಕೊಡುತ್ತದೆ? ಲೆಕ್ಕ ಮಾಡಿ, ಸುಮಾರು 122 ವಾಟ್. ವೋಲ್ಟೇಜ್ ಕಾಲುಭಾಗವೂ ಇಳಿದಿಲ್ಲ, ಬಿಸಿ ಮಾತ್ರ ಶೇಕಡಾ 40ರಷ್ಟು ಇಳಿಯಿತು. ಬಲ್ಬು ಮಂದವಾದರೆ ಕಣ್ಣಿಗೆ ಕಾಣುತ್ತದೆ, ಕುಕ್ಕರ್ ಮಂದವಾದರೆ ಕಾಣುವುದಿಲ್ಲ. ಪರೀಕ್ಷೆಗೆ ಓದಿದ ಸೂತ್ರ ಅಡಿಗೆಮನೆಯಲ್ಲಿ ಇದೆಯೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸರಿಯಾಗಿ ಮಾಡುವ ಕ್ರಮ

ಮೂರೂವರೆ ಲೀಟರಿನ ಕುಕ್ಕರಿಗೆ, ಐದಾರು ಜನಕ್ಕೆ ಬೇಕಾಗುವುದು: ಮೂಳೆಸಹಿತ ಕೋಳಿ ಮುಕ್ಕಾಲು ಕಿಲೋ (ಕಾಲು, ಕುತ್ತಿಗೆ ಇದ್ದರೆ ರುಚಿ), ಉಳ್ಳಾಗಡ್ಡಿ ಎರಡು, ಗಜ್ಜರಿ ಎರಡು, ಬೆಳ್ಳುಳ್ಳಿ ಎಂಟು ಎಸಳು, ಒಂದಿಂಚು ಹಸಿಶುಂಠಿ, ಜಜ್ಜಿದ ಕರಿಮೆಣಸು ಒಂದು ಚಮಚ, ಒಂದು ತುಂಡು ದಾಲ್ಚಿನ್ನಿ, ಎರಡು ಲವಂಗ, ಚಿಟಿಕೆ ಅರಿಶಿನ, ಕೊತ್ತಂಬರಿ ದಂಟು, ಉಪ್ಪು, ನೀರು ಒಂದೂವರೆ ಲೀಟರ್, ಶಾವಿಗೆ 100 ಗ್ರಾಂ, ಒಂದು ನಿಂಬೆಹಣ್ಣು.

1. ಕೋಳಿ ಫ್ರೀಜರಿನಲ್ಲಿದ್ದರೆ ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಪೂರ್ತಿ ಕರಗಲಿ. ಹೊರಗೆ ಇಟ್ಟು ಕರಗಿಸಬೇಡಿ.

2. ಬೇರೆ ಪಾತ್ರೆಯಲ್ಲಿ ಕೋಳಿ ಮತ್ತು ನೀರನ್ನು ಗ್ಯಾಸಿನ ಮೇಲಿಟ್ಟು ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಮೇಲೆ ಬರುವ ನೊರೆ ತೆಗೆದುಹಾಕಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇದರಿಂದ ಅಡಿಗೆ ಅಪಾಯದ ವಲಯವನ್ನು ಮೊದಲೇ ದಾಟಿರುತ್ತದೆ.

3. ಅಷ್ಟರಲ್ಲಿ ಕುಕ್ಕರಿನ ಪಿಂಗಾಣಿ ಪಾತ್ರೆಗೆ ಬೆಚ್ಚನೆಯ ನೀರು ಹಾಕಿ 'ಹೈ'ನಲ್ಲಿ ಕಾಯಲು ಬಿಡಿ, ಆಮೇಲೆ ಆ ನೀರು ಚೆಲ್ಲಿ. ತಣ್ಣಗಿರುವ ಪಿಂಗಾಣಿಗೆ ಕುದಿಯುವುದನ್ನು ಸುರಿದರೆ ಸೀಳುತ್ತದೆ. ಆ ಪಾತ್ರೆಯನ್ನು ಗ್ಯಾಸಿನ ಮೇಲಂತೂ ಇಡಲೇಬಾರದು.

4. ಗಜ್ಜರಿ, ಉಳ್ಳಾಗಡ್ಡಿಯನ್ನು ತಳಕ್ಕೆ ಹಾಕಿ. ಗಡ್ಡೆಗಳು ಮಾಂಸಕ್ಕಿಂತ ತಡವಾಗಿ ಬೇಯುತ್ತವೆ, ತಳದಲ್ಲೂ ಬದಿಯಲ್ಲೂ ಬಿಸಿ ಹೆಚ್ಚು. ಮೇಲೆ ಕೋಳಿ, ಮಸಾಲೆ, ಉಪ್ಪು, ಕುದಿಯುವ ನೀರು. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮೂರರಲ್ಲಿ ಎರಡು ಪಾಲಿನ ಆಸುಪಾಸು ತುಂಬಿರಲಿ, ಕಂಠಮಟ ಬೇಡ.

5. ಮೊದಲ ಒಂದು ಗಂಟೆ 'ಹೈ', ಆಮೇಲೆ 'ಲೋ'ದಲ್ಲಿ ನಾಲ್ಕೈದು ಗಂಟೆ. ಜವಾರಿ ಕೋಳಿಗೆ ಇನ್ನೆರಡು ಗಂಟೆ ಹೆಚ್ಚು. ನಡುನಡುವೆ ಮುಚ್ಚಳ ತೆಗೆದು ನೋಡಬೇಡಿ. ಪ್ರತಿ ಸಲ ತೆಗೆದಾಗಲೂ ಕಳೆದುಕೊಂಡ ಬಿಸಿ ತುಂಬಿಕೊಳ್ಳಲು ಕಾಲು ಗಂಟೆಯಾದರೂ ಬೇಕು. ಗಾಜಿನ ಮೇಲೆ ಹನಿ, ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುತ್ತಿದ್ದರೆ ಎಲ್ಲ ಸರಿಯಿದೆ.

6. ಕೋಳಿ ತುಂಡುಗಳನ್ನು ತೆಗೆದು, ಮೂಳೆ ಬಿಡಿಸಿ, ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಮತ್ತೆ ಸೂಪಿಗೆ ಹಾಕಿ. ಸಣ್ಣ ಮಕ್ಕಳಿಗೆ ಕೊಡುವಾಗ ಮೂಳೆಯ ಚೂರು ಉಳಿಯದಂತೆ ನೋಡಿ.

7. ಶಾವಿಗೆಯನ್ನು ಅರ್ಧ ಚಮಚ ತುಪ್ಪದಲ್ಲಿ ಕೆಂಪಗೆ ಹುರಿದು, 'ಹೈ'ಗೆ ತಿರುಗಿಸಿ, ಕೊನೆಯ ಹತ್ತು-ಹದಿನೈದು ನಿಮಿಷಕ್ಕೆ ಮಾತ್ರ ಹಾಕಿ. ಹುರಿದರೆ ಬೇಗ ಕರಗುವುದಿಲ್ಲ, ಪರಿಮಳವೂ ಬರುತ್ತದೆ. ಮರುದಿನಕ್ಕೆ ಉಳಿಸುವುದಿದ್ದರೆ ಶಾವಿಗೆ ಬೇರೆಯಾಗಿ ಬೇಯಿಸಿ.

8. ಕುಕ್ಕರ್ ಬಂದ್ ಮಾಡಿದ ಮೇಲೆ ನಿಂಬೆರಸ, ಕೊತ್ತಂಬರಿ. ಉಳಿದದ್ದನ್ನು ಅಗಲ ಪಾತ್ರೆಗೆ ಬಗ್ಗಿಸಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ.

ಥರ್ಮಾಮೀಟರ್ ಇದ್ದವರು ಮಾಂಸದ ದಪ್ಪ ಭಾಗದಲ್ಲಿ 74 ಡಿಗ್ರಿ ದಾಟಿದೆಯೇ ನೋಡಿಕೊಳ್ಳಬಹುದು. ಅಡಿಗೆಗೆಂದೇ ಮಾರುವ ಡಿಜಿಟಲ್ ಥರ್ಮಾಮೀಟರ್ ಬಳಸಿ. ನಮ್ಮ ಲ್ಯಾಬಿನ ಪಾದರಸದ ಥರ್ಮಾಮೀಟರನ್ನು ಅಡಿಗೆಗೆ ಒಯ್ಯಬೇಡಿ. ಒಡೆದರೆ ಪಾದರಸ ಅನ್ನಕ್ಕೆ ಸೇರುತ್ತದೆ. (ರಾಜ್ಮಾ ಬೇಯಿಸುವವರಿಗೂ ಒಂದು ಮಾತು: ಆ ಕಾಳಿನಲ್ಲಿರುವ ಒಂದು ವಿಷ ಸ್ಲೋ ಕುಕ್ಕರಿನ ಸಣ್ಣ ಬಿಸಿಗೆ ಹೋಗುವುದಿಲ್ಲ. ನೆನೆಸಿ, ನೀರು ಚೆಲ್ಲಿ, ಗ್ಯಾಸಿನ ಮೇಲೆ ಹತ್ತು ನಿಮಿಷ ಭರ್ರನೆ ಕುದಿಸಿದ ಮೇಲೆಯೇ ಹಾಕಿ.)

ಕರೆಂಟ್ ಹೋದರೆ

ನೀವು ಮನೆಯಲ್ಲಿದ್ದು, ಆಗಷ್ಟೇ ಹೋಗಿದ್ದರೆ ತಡಮಾಡದೆ ಎಲ್ಲವನ್ನೂ ಸ್ಟೀಲ್ ಪಾತ್ರೆಗೆ ಬಗ್ಗಿಸಿ ಗ್ಯಾಸಿನ ಮೇಲೆ ಅಡಿಗೆ ಮುಗಿಸಿ. ಪೂರ್ತಿ ಬೆಂದ ಮೇಲೆ ಹೋಗಿದ್ದರೆ ಎರಡು ಗಂಟೆಯೊಳಗೆ ಉಂಡು ಮುಗಿಸಿ. ಯಾವಾಗ ಹೋಯಿತು, ಯಾವಾಗ ಬಂತು ಗೊತ್ತಿಲ್ಲವೆಂದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ಚೆಲ್ಲಿಬಿಡಿ. ಅನ್ನ ಚೆಲ್ಲುವುದು ನಮಗೆಲ್ಲ ಕಷ್ಟದ ಕೆಲಸ. ನನಗೂ ಕಷ್ಟವೇ. ಆದರೆ ಮುಕ್ಕಾಲು ಕಿಲೋ ಕೋಳಿಯನ್ನು ಮತ್ತೆ ತರಬಹುದು.

ಹಾಗಾಗಿ ನಾನೀಗ ರಾತ್ರಿ ಹಚ್ಚುವುದಿಲ್ಲ. ರಜೆಯ ದಿನ ಬೆಳಿಗ್ಗೆ ಹಚ್ಚಿ, ಪಕ್ಕದಲ್ಲೇ ಓದುತ್ತ ಕೂರುತ್ತೇನೆ. 200 ವಾಟಿನ ಕುಕ್ಕರ್ ಆರು ಗಂಟೆ ಉರಿದರೆ 1.2 ಯೂನಿಟ್. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅಮ್ಮಿ ಗ್ಯಾಸಿನ ಮುಂದೆ ನಿಲ್ಲದಿರುವುದೇ ಅದರ ಲಾಭ.

ಸ್ಲೋ ಕುಕ್ಕರ್ ಇಲ್ಲದವರು

ಕೊಳ್ಳಲೇಬೇಕೆಂದಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಬಿಸಿ ಸುಮಾರು 120 ಡಿಗ್ರಿಗೆ ಏರುವುದರಿಂದ ಕೊಲಾಜೆನ್ ಬಹಳ ಬೇಗ ಕರಗುತ್ತದೆ; ಸಣ್ಣ ಉರಿಯಲ್ಲಿ ಅರ್ಧ-ಮುಕ್ಕಾಲು ಗಂಟೆ ಸಾಕು. ದಪ್ಪ ತಳದ ಪಾತ್ರೆಗೆ ಭಾರದ ಮುಚ್ಚಳ ಹಾಕಿ, ಕೆಂಡದ ಮೇಲೆ ಇಟ್ಟರೂ ಆಗುತ್ತದೆ. ಗಂಗಾವತಿ ಕಡೆ ಬತ್ತದ ಹುಲ್ಲು ಬೇಕಾದಷ್ಟು ಸಿಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಣಹುಲ್ಲನ್ನು ಒತ್ತಿ ತುಂಬಿ, ನಡುವೆ ಕುದಿಯುವ ಪಾತ್ರೆ ಇಟ್ಟು, ಮೇಲೆ ಹಳೆಯ ಕೌದಿ ಮುಚ್ಚಿದರೆ ಹುಲ್ಲಿನ ನಡುವಿನ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅನ್ನ, ಬೇಳೆಗೆ ಇದು ಒಳ್ಳೆಯ ಉಪಾಯ. ಕೋಳಿಗೆ ಮಾತ್ರ ಮೊದಲು ಅರ್ಧ ಗಂಟೆಯಾದರೂ ಒಲೆಯ ಮೇಲೆ ಕುದಿಸಿ, ಎರಡು ಗಂಟೆಗೆ ಹೊರತೆಗೆದು, ಮತ್ತೆ ಕುದಿ ಬರಿಸಬೇಕು.

ಜ್ವರಕ್ಕೆ ಸೂಪು ಔಷಧಿಯೇ?

12ನೇ ಶತಮಾನದಲ್ಲಿ ಸುಲ್ತಾನ್ ಸಲಾಹುದ್ದೀನನ ಆಸ್ಥಾನಕ್ಕೆ ಹತ್ತಿರವಿದ್ದ ವೈದ್ಯ ಮೂಸಾ ಇಬ್ನ್ ಮೈಮೂನ್ ರೋಗಿಗಳಿಗೆ ಕೋಳಿ ಸಾರನ್ನು ಹೇಳುತ್ತಿದ್ದರು. 1978ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ, ಬಿಸಿ ಕೋಳಿ ಸೂಪು ಕುಡಿದಾಗ ಮೂಗಿನ ಲೋಳೆ ಬೇಗ ಸರಿಯುವುದು ಕಂಡಿತು. 2000ರಲ್ಲಿ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ ತಂಡ, ಸೂಪು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಓಡಾಟವನ್ನು ತಗ್ಗಿಸುತ್ತದೆಂದು ತೋರಿಸಿತು. ಆದರೆ ಅದು ಪ್ರಯೋಗಾಲಯದ ಪಾತ್ರೆಯಲ್ಲಿ, ರೋಗಿಯ ಮೈಯಲ್ಲಲ್ಲ. ಸೂಪು ನೀರು, ಉಪ್ಪು, ಸ್ವಲ್ಪ ಪ್ರೋಟೀನು ಕೊಡುತ್ತದೆ, ಗಂಟಲಿಗೆ ಹಿತವಾಗಿರುತ್ತದೆ. ಡಾಕ್ಟರರ ಬದಲಿಗೆ ಅಲ್ಲ, ಅವರು ಹೇಳಿದ್ದರ ಜೊತೆಗೆ.

ನನ್ನ ತಮ್ಮ ಹಲವು ತಿಂಗಳು ನಾನು ಮಾಡಿದ ಏನನ್ನೂ ಮುಟ್ಟಲಿಲ್ಲ. ಮೊನ್ನೆ ಭಾನುವಾರ ಬಟ್ಟಲು ಮುಂದಿಟ್ಟಾಗ ಚಮಚ ಕೈಯಲ್ಲಿ ಹಿಡಿದು ಕೇಳಿದ: "ಭಯ್ಯಾ, ಕರೆಂಟ್ ಹೋಗಿತ್ತಾ?" ಇಲ್ಲ ಎಂದೆ. ಅವನು ದಾದಿಯ ಮುಖ ನೋಡಿದ. ದಾದಿ ತಲೆಯಾಡಿಸಿದ ಮೇಲೆ ಕುಡಿದ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನೀವೂ ಕೇಳಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ